ಬಲಗೈಯ ಪರೀಕ್ಷೆ

ನಮ್ಮ ಕಡೆಯ ಮನುಷ್ಯನಿಗೆ ಮೋಟರ್‌ಸೈಕಲ್ ಹೊಡೆಯುವುದನ್ನು ಕಲಿಸುವುದು ದೊಡ್ಡ ಕೆಲಸವಲ್ಲ. ಅದರ ಮೇಲೆ ಕೂತಾಗ ಶರಣು ಮಾಡುವುದನ್ನು ಬಿಡಿಸುವುದಿದೆಯಲ್ಲ, ಅದು ಕೆಲಸ. ಎದುರಿಗೆ ಹಿರಿಯರು ಬಂದರೆ ಬಲಗೈ ಎದೆಗೆ ಹೋಗಲೇಬೇಕು. ಎಡಗೈ ಎತ್ತಿದರೆ ಅಪಮಾನ, ಸುಮ್ಮನೆ ಹೋದರೆ ಸೊಕ್ಕು. ಮೋಟರ್‌ಸೈಕಲ್ ಮಾಡಿದ ಪುಣ್ಯಾತ್ಮನಿಗೆ ಈ ರಿವಾಜು ಗೊತ್ತಿರಲಿಲ್ಲವೋ ಏನೋ, ಎಕ್ಸಲರೇಟರ್ ಮತ್ತು ಮುಂದಿನ ಬ್ರೇಕು ಎರಡನ್ನೂ ತಂದು ಅದೇ ಬಲಗೈಗೆ ಕಟ್ಟಿಬಿಟ್ಟಿದ್ದ. ಮಠದ ಅಯ್ಯನವರು ಕಂಡರು, ಕೈ ಎದೆಗೆ ಹೋಯಿತು, ಗಾಡಿ ಗಟಾರಕ್ಕೆ ಹೋಯಿತು. ಎಷ್ಟು ಮಂದಿಯನ್ನು ಎತ್ತಿ ನಿಲ್ಲಿಸಿದ್ದೇನೋ ನನಗೇ ನೆನಪಿಲ್ಲ.

ಇದು ಎಂಬತ್ತರ ದಶಕದ ನಡುವಿನ ಮಾತು. ಹಳ್ಳಿ ತಿರುಗುವ ನೌಕರರಿಗೆ, ಅಂದರೆ ದನದ ಡಾಕ್ಟರಿಗೆ, ಬೀಜ ಗೊಬ್ಬರದ ಸಹಾಯಕರಿಗೆ, ಸರ್ಕಾರ ಗಾಡಿ ಕೊಟ್ಟಿತು. ಕೊಟ್ಟ ವರ್ಷವೇ ಕೈಕಾಲು ಮುರಿದುಕೊಂಡವರು ಆಸ್ಪತ್ರೆಯಲ್ಲಿ ಸಾಲಾಗಿ ಮಲಗಿದರು. ಆಗ ಮೇಲಿನವರಿಗೆ ಎಚ್ಚರವಾಗಿ, ರಾಜ್ಯದ ತುಂಬ ಸುರಕ್ಷಿತವಾಗಿ ಗಾಡಿ ಹೊಡೆಯುವ ತರಬೇತಿ ಶುರು ಮಾಡಿದರು. ನಾನು ದಂಡಿನಲ್ಲಿದ್ದಾಗ ಮೋಟರ್‌ಸೈಕಲ್ ಮೇಲೆ ಟಪಾಲು ಒಯ್ಯುತ್ತಿದ್ದವನು. ನಮ್ಮೂರು ಕುಬಿಹಾಳಕ್ಕೆ ವಾಪಸ್ ಬಂದು ಹೊಲ ನೋಡಿಕೊಂಡಿದ್ದವನನ್ನು ಹಿಡಿದು ನಮ್ಮ ಭಾಗದ ತರಬೇತಿ ನಡೆಸು ಎಂದರು. ನವಲಗುಂದದಲ್ಲಿ ಮುಚ್ಚಿಹೋದ ಒಂದು ಹತ್ತಿ ಮಿಲ್ಲಿನ ಅಂಗಳವೇ ನಮ್ಮ ಮೈದಾನ.

ಕೆಲಸ ಎರಡು. ಒಂದು, ಗಾಡಿ ಕಲಿಸುವುದು. ಎರಡನೆಯದು, ಕಲಿಸುವವರನ್ನು ಆರಿಸಿ, ಪರೀಕ್ಷೆ ಮಾಡಿ, ಇವನು ಮಾಸ್ತರಾಗಲು ಯೋಗ್ಯ ಎಂದು ಒಪ್ಪುವುದು. ಮೊದಲನೆಯದನ್ನು ಬೈಯುತ್ತ ನಗುತ್ತ ಮಾಡುತ್ತಿದ್ದೆ. ಎರಡನೆಯದರಲ್ಲಿ ನಗುವ ಮಾತಿರಲಿಲ್ಲ. ಕೆಟ್ಟ ಸವಾರ ತನ್ನ ಕಾಲು ಮುರಿದುಕೊಳ್ಳುತ್ತಾನೆ. ಕೆಟ್ಟ ಮಾಸ್ತರ ಇಡೀ ತಾಲೂಕಿನ ಕಾಲು ಮುರಿಯುತ್ತಾನೆ.

ಅದಕ್ಕೇ ನನ್ನದೊಂದು ನಿಯಮ: ಗಾಡಿ ನಿಲ್ಲುವ ತನಕ ಬಲಗೈ ಹ್ಯಾಂಡಲ್ ಬಿಡಬಾರದು. ಬಿಟ್ಟರೆ ಫೇಲು, ಅವನು ದೇಸಾಯರ ಮಗನಾದರೂ ಅಷ್ಟೇ. ಇದು ಹಟವಲ್ಲ. ತರಬೇತಿ ಶುರುವಾಗುವ ಮೊದಲು ನನಗೆ ಬೇಕಾದವನೊಬ್ಬ, ದನದ ಆಸ್ಪತ್ರೆಯ ಕಂಪೌಂಡರ, ಅಣ್ಣಿಗೇರಿ ಹಾದಿಯಲ್ಲಿ ತನಗೆ ಓದು ಕಲಿಸಿದ ಗುರುಗಳಿಗೆ ಕೈ ಎತ್ತಿ ಹತ್ತಿ ಮೂಟೆ ಹೇರಿದ ಚಕ್ಕಡಿಯ ಗಾಲಿಗೆ ಸಿಕ್ಕ. ಒಂದು ಕಾಲನ್ನು ಮೊಣಕಾಲಿನಿಂದ ಕೆಳಗೆ ತೆಗೆದರು. ನೋಡಲು ಹೋದರೆ ಮಲಗಿದಲ್ಲಿಂದಲೇ ನನಗೆ ಬಲಗೈ ಎತ್ತಿ ಶರಣು ಮಾಡಿದ. ಆ ಕೈ ಹಿಡಿದು ಹಾಸಿಗೆ ಮೇಲಿಟ್ಟು ಹೊರಗೆ ಬಂದು ಅತ್ತೆ.

ಆ ವರ್ಷ ಹಳ್ಳಿಯ ನರ್ಸಮ್ಮಂದಿರಿಗೂ ಸಣ್ಣ ಗಾಡಿಗಳು ಬಂದವು. ಬಂದು ಮಿಲ್ಲಿನ ಗೋದಾಮಿನಲ್ಲಿ ತಾಡಪತ್ರಿ ಹೊದ್ದು ನಿಂತವು. ಏರುವವರೇ ಇಲ್ಲ! ಗಂಡಸರು ಹಿಂದೆ ಸೀಟು ಹಿಡಿದು ಓಡುತ್ತ ಕಲಿಸುತ್ತಾರೆ ಎಂಬ ಸುದ್ದಿ ಗಾಡಿಗಿಂತ ಮೊದಲು ಹಳ್ಳಿ ಸೇರಿತ್ತು. ನವಲಗುಂದದಲ್ಲೇ ಜಮಖಾನೆ ನೇಯುವ ಮನೆಯ ಒಬ್ಬ ನರ್ಸಮ್ಮ ಇದ್ದಳು. ಅವಳ ಅಪ್ಪ ನನ್ನನ್ನು ಕೂಡಿಸಿ ಚಹಾ ಕೊಟ್ಟು, "ಮಾಸ್ತರ, ನಿಮ್ಮ ಮ್ಯಾಲೆ ಸಂಶೇ ಇಲ್ರಿ. ಆದ್ರ ಕಲಸಾಕ ಹೆಣ್ಣಮಗಳು ಬರಲಿ, ಅವತ್ತಽ ಕಳಸ್ತೀನಿ" ಎಂದ. ಎಲ್ಲ ಮನೆಯ ಮಾತೂ ಅದೇ. ಅಷ್ಟರಲ್ಲಿ ನಮ್ಮ ಮೇಲಿನ ಸಾಹೇಬರು ಬಂದು, ಸುಗ್ಗಿ ಮುಗಿಯುವುದರೊಳಗೆ ಕಲಿಸುವ ಹೆಂಗಸೊಬ್ಬಳನ್ನು ತಯಾರು ಮಾಡದಿದ್ದರೆ ಗಾಡಿಗಳನ್ನೆಲ್ಲ ಬೇರೆ ಜಿಲ್ಲೆಗೆ ಕಳಿಸುತ್ತೇನೆ ಎಂದು ಹೇಳಿ ಹೋದರು. ನರ್ಸಮ್ಮಂದಿರು ಹೆರಿಗೆಗೆಂದು ಊರಿಂದೂರಿಗೆ ಬಿಸಿಲಲ್ಲಿ ನಡೆಯುವುದನ್ನು ನಾನು ದಿನಾ ನೋಡುತ್ತಿದ್ದೆ. ಗಾಡಿ ಇದ್ದೂ ನಡೆಯಬೇಕೆಂದರೆ ಯಾರಿಗೆ ಹೊಟ್ಟೆ ಉರಿಯುವುದಿಲ್ಲ?

ಆಗ ಬಂದವಳು ಬಮ್ಮಿಗಟ್ಟಿಯ ನರ್ಸಮ್ಮ. ಕಲಘಟಗಿ ತಾಲೂಕಿನವಳು. ಹೊಲಮನೆ ಇದ್ದ ದೊಡ್ಡ ಮನೆತನದ ಸೊಸೆ, ಗಂಡ ಹುಬ್ಬಳ್ಳಿಯಲ್ಲಿ ನೌಕರಿಗಿದ್ದ. ನವಲಗುಂದದಲ್ಲಿ ಅವಳ ತವರಿನ ಅತ್ತೆಯೊಬ್ಬಳ ಮನೆಯಿತ್ತು, ಅಲ್ಲಿ ಇಳಿದುಕೊಂಡಿದ್ದಳು. ಬಿಳಿ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ತಲೆ ತುಂಬ ಸೆರಗು ಹೊದ್ದು ಅಂಗಳಕ್ಕೆ ಬಂದು ನಿಂತಳು.

"ಏನವಾ, ಮೊದಲ ಏನರ ಹೊಡದೀ ಏನು?" ಎಂದೆ.

"ಡೀಸಲ್ ಪಂಪ್‌ಸೆಟ್ ಹೊಡದೀನ್ರಿ. ಅದಕ್ಕ ಗಾಲಿ ಇರಲಿಲ್ಲ, ಅಷ್ಟಽ."

ಕಲಿಸುವವರು ದೊಡ್ಡ ಗಾಡಿಯ ಮೇಲೆಯೇ ಪಾಸಾಗಬೇಕೆಂದು ಮೇಲಿನವರ ನಿಯಮ. ನಾಲ್ಕು ದಿನಕ್ಕೆ ದೊಡ್ಡ ಗಾಡಿ ಅವಳು ಹೇಳಿದಂತೆ ಕೇಳತೊಡಗಿತು. ಒಳ್ಳೆಯ ಸವಾರರು ಬಹಳ ಮಂದಿ ಸಿಗುತ್ತಾರೆ. ಅವಳಿಗೆ ಕಲಿಸುವ ಬಾಯಿಯೂ ಇತ್ತು. ಹೆದರಿ ನಡುಗುತ್ತಿದ್ದ ಒಬ್ಬ ಬೀಜದ ಸಹಾಯಕನಿಗೆ, "ಕ್ಲಚ್ ಏನ ನಿನ್ನ ಹೇಂತಿ ಏನೋ ತಮ್ಮಾ, ಅಷ್ಟ್ಯಾಕ ಹೆದರ್ತೀ? ಸಾವಕಾಶ ಬಿಡು" ಎಂದು ಅಂಗಳವೆಲ್ಲ ನಗಿಸಿ, ಅವನ ಕೈಯಲ್ಲಿ ಗಾಡಿ ಓಡಿಸಿದಳು. ಸಿಕ್ಕಳಪ್ಪಾ ಶಿವನೇ ಎಂದುಕೊಂಡೆ.

ಸುಗ್ಗಿಯ ಕಾಲ. ನಮ್ಮಲ್ಲಿ ಕಡಲೆ ಕಿತ್ತವರು ಕಣ ಮಾಡುವ ಬದಲು ಗಿಡಗಳನ್ನು ಡಾಂಬರು ರಸ್ತೆಯ ಮೇಲೇ ಹಾಸಿಬಿಡುತ್ತಾರೆ. ಬಸ್ಸು ಲಾರಿಗಳು ಮೇಲೆ ಹಾದು ಪುಕ್ಕಟೆ ಒಕ್ಕಲಿ ಮಾಡಿ ಕಾಳು ಬಿಡಿಸಿಕೊಡುತ್ತವೆ. ಮೋಟರ್‌ಸೈಕಲ್ಲಿಗೆ ಮಾತ್ರ ಆ ಕಡಲೆ ಹಾಸು ಯಮನ ಚಾಪೆ. ಅದರ ಮೇಲೆ ತಿರುಗಿಸಬಾರದು, ಬ್ರೇಕು ಒತ್ತಬಾರದು, ಎಕ್ಸಲರೇಟರ್ ಬಿಡಬಾರದು. ಎರಡೂ ಕೈ ಗಟ್ಟಿ ಹಿಡಿದು ಒಂದೇ ವೇಗದಲ್ಲಿ ದಾಟಬೇಕು. ಮಾಸ್ತರಾಗುವವರ ಕೊನೆಯ ಪರೀಕ್ಷೆಯನ್ನು ನಾನು ಬೇಕಂತಲೇ ಅಂಥ ರಸ್ತೆಯಲ್ಲಿ ಮಾಡುತ್ತಿದ್ದೆ.

ಅವಳ ಹಿಂದೆ ನಾನೊಂದು ಗಾಡಿಯಲ್ಲಿ ಹೊರಟೆ. ಊರು ದಾಟುವ ತನಕ ಅವಳ ಸವಾರಿಯಲ್ಲಿ ತಪ್ಪು ಹುಡುಕಿದರೂ ಸಿಗಲಿಲ್ಲ. ಕಡಲೆ ಹಾಸು ಬಂತು. ಗಾಡಿ ಅದರೊಳಗೆ ಸರಿಯಾಗಿಯೇ ಹೊಕ್ಕಿತು. ಅಷ್ಟರಲ್ಲಿ ಬದಿಯಲ್ಲಿ ಗಿಡ ತಿರುವುತ್ತಿದ್ದ ಒಬ್ಬ ಮುದುಕ, ತಲೆಗೆ ದೊಡ್ಡ ರುಮಾಲು ಸುತ್ತಿದವನು, ಬೆನ್ನು ನೆಟ್ಟಗೆ ಮಾಡಿ ಎದ್ದು ನಿಂತ. ಪಾಪ, ಅವನು ಮತ್ತೇನೂ ಮಾಡಲಿಲ್ಲ. ಇವಳ ಬಲಗೈ ಹ್ಯಾಂಡಲ್ ಬಿಟ್ಟು ಟಕ್ಕನೆ ತಲೆಗೆ ಹೋಗಿ ಸೆರಗು ಮುಂದಕ್ಕೆ ಎಳೆಯಿತು. ಇಂಜಿನ್ ದನಿ ಬಿತ್ತು, ಹಿಂದಿನ ಗಾಲಿ ಹಾವಿನಂತೆ ಹೊರಳಿತು. ಹೇಗೋ ಸಾವರಿಸಿ ಬೀಳದೆ ನಿಂತಳು. ನಾನೂ ಗಾಡಿ ನಿಲ್ಲಿಸಿದೆ.

"ಕೈ ಯಾಕ ಬಿಟ್ಟಿ?" ಎಂದು ಕೂಗಿದೆ.

"ನಾ ಬಿಡಲಿಲ್ರಿ."

"ಮತ್ತ ನಾ ಬಿಟ್ನೇನು?"

"ಅದಽ ಹೋತ್ರಿ. ಹಿರೇರು ಕಂಡ್ರು, ಹೋತು."

"ಅಂವ ನಿನಗ ಏನಾಗಬೇಕು?"

"ಏನೂ ಆಗಬೇಕಿಲ್ರಿ. ರುಮಾಲ ಥೇಟ್ ನಮ್ಮ ಮಾವಾರ್ದ ಇದ್ದಂಗಿತ್ತು."

ಅಲ್ಲೇ ಫೇಲು ಎಂದೆ. ಇನ್ನೊಂದು ಸಲ ಪರೀಕ್ಷೆ ಕೊಡಲು ಅವಕಾಶವಿತ್ತು, ಮುಂದಿನ ವಾರ. ಅದಾದ ಮೇಲೆ ಇಲ್ಲ. ನನ್ನ ಕೈಕೆಳಗಿನ ಒಬ್ಬ ಮಾಸ್ತರ, "ಬಿಡ್ರಿ ಸಾಹೇಬ್ರ, ಹೆಣ್ಣಮಗಳು. ಪಾಸ್ ಅಂದಬಿಡ್ರಿ, ಗಾಡಿ ಉಳೀತಾವ" ಎಂದ. "ಲಾರಿಗೆ ಗಂಡಸು ಹೆಂಗಸು ಗೊತ್ತಾಗತೈತೇನಲೇ?" ಎಂದು ಅವನ ಮೇಲೆ ಹರಿಹಾಯ್ದೆ. ಸಿಟ್ಟು ಅವನ ಮೇಲಲ್ಲ. ಆಕೆ ಪಾಸಾಗಬೇಕೆಂದು ನನಗೇ ಆಸೆಯಿತ್ತು, ಅದರ ಸಿಟ್ಟು.

ಉಪಾಯ ಮಾಡಿ ನೋಡಿದೆವು. ಸೆರಗಿಗೆ ಪಿನ್ನು ಚುಚ್ಚಿ, ಅದರ ಮೇಲೆ ಹೆಲ್ಮೆಟ್ ಹಾಕಿಸಿ, ಮಿಲ್ಲಿನ ಕಾವಲುಗಾರನಿಗೆ ರುಮಾಲು ಸುತ್ತಿ ಅಂಗಳದ ನಡುವೆ ನಿಲ್ಲಿಸಿದೆ. ಗಾಡಿ ಬಂತು. ಕೈ ಮೇಲೆದ್ದು ಹೆಲ್ಮೆಟ್ಟಿಗೆ ಟಣ್ ಎಂದು ಬಡಿಯಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು, ಅವಳೂ ನಕ್ಕಳು. ಆಮೇಲೆ ಗೋದಾಮಿನ ಹಿಂದೆ ಹೋಗಿ ತನ್ನ ಬಲಗೈಯನ್ನು ಎಡಗೈಯಿಂದ ಚಟೀರನೆ ಹೊಡೆದುಕೊಂಡು ಅತ್ತಳಂತೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇದು ಹುಟ್ಟಿನಿಂದ ಬಂದದ್ದೂ ಅಲ್ಲ, ಗಂಡನ ಮನೆಯ ಹೊಸ್ತಿಲು ತುಳಿದ ದಿನ ಅತ್ತೆ ಕಲಿಸಿದ್ದು. ಅದಕ್ಕೆ ಸುಡುವ ಬೆಂಕಿಯೂ ಸಾಲದು. ಪಿನ್ನು, ಹೆಲ್ಮೆಟ್ ಎರಡೂ ಮೂಲೆಗೆ ಹೋದವು.

"ನಿಮ್ಮ ಮಾವನವರನ್ನಽ ಕರಸು. ಹಾದ್ಯಾಗ ನಿಂದರಲಿ. ಅವರ ಮುಂದ ದಿನಾ ಹಾದ್ರ ಕೈ ತಾನಽ ಕಲೀತೈತಿ" ಎಂದೆ.

ಅವಳು ಕಣ್ಣರಳಿಸಿದಳು. "ಮದುವ್ಯಾದಾಗಿಂದ ಅವರ ಮುಂದ ನಿಂತು ಮಾತಾಡಿಲ್ರಿ ನಾ. ಏನಂತ ಕರೀಲಿ?"

ಹಾಗಾದರೆ ನಾನೇ ಕರೆಯುತ್ತೇನೆ ಎಂದು ಐತವಾರ ಬಮ್ಮಿಗಟ್ಟಿಗೆ ಹೋದೆ. ಹುಬ್ಬಳ್ಳಿ ದಾಟಿ ಕಲಘಟಗಿ ಕಡೆ ಹೊರಳಿದರೆ ನಮ್ಮ ಕರಿ ನೆಲ ಹೋಗಿ ಕೆಂಪು ನೆಲ ಬರುತ್ತದೆ. ಮಾವ ಮನೆ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ಹಣೆ ತುಂಬ ವಿಭೂತಿ, ತಲೆಗೆ ಅಂಥದೇ ರುಮಾಲು. ಚುರಮುರಿ ಬಂತು, ಚಹಾ ಬಂತು. ನಾನು ಬಂದ ಕೆಲಸ ಹೇಳುತ್ತಿದ್ದಂತೆ ಅವರ ಬಾಯಿ ಅಗಿಯುವುದನ್ನು ನಿಲ್ಲಿಸಿತು.

"ನೌಕರಿ ಮಾಡವಾ ಅಂದ್ನಿ. ಗಾಡಿ ಕಲಿ ಅಂದ್ನಿ. ಈಗ ನನ್ನ ಮುಂದಽ ತಲಿ ಬಿಟಗೊಂಡು ಹಾದು ಹೋಗು ಅನ್ನಬೇಕೇನ್ರಿ?"

"ಸೆರಗು ತಗೀ ಅನ್ನಾಕ ಬಂದಿಲ್ರಿ ಯಜಮಾನ್ರ. ಕೈ ಬಿಡಬ್ಯಾಡ ಅನ್ನಾಕ ಬಂದೀನಿ."

"ಎರಡೂ ಒಂದಽ ಅಲ್ಲೇನು? ಗಾಳಿಗೆ ಸೆರಗು ನಿಲ್ಲತೈತೇನು? ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರ್ಲಿ ನಾ?"

ಬಾಗಿಲ ಹಿಂದೆ ಬಳೆ ಸಪ್ಪಳವಾಯಿತು. ರಜೆಗೆಂದು ಮನೆಗೆ ಬಂದಿದ್ದ ಸೊಸೆ ಕೇಳುತ್ತ ನಿಂತಿದ್ದಳು. ಮಾತಿನಲ್ಲಿ ಸೋತಾಗ ನನಗೆ ಸಿಟ್ಟು ಬರುತ್ತದೆ. "ಕೈ ಬಿಟ್ರ ಫೇಲ್ ಮಾಡ್ತೀನ್ರಿ, ಆಮ್ಯಾಲೆ ನನ್ನ ಅನಬ್ಯಾಡ್ರಿ" ಎಂದು ಎದ್ದೆ.

"ಮಾಡ್ರಿ" ಎಂದರು ಮುದುಕರು. "ಮರ್ಯಾದಿ ಉಳಿಸಿ ಫೇಲಾದ್ಲು ಅಂತ ಎದಿ ತಟ್ಟಿ ಹೇಳ್ತೀನಿ."

ಎರಡನೆಯ ಪರೀಕ್ಷೆಯ ದಿನ ಬೆಳಿಗ್ಗೆ ಅಂಗಳಕ್ಕೆ ಹೋದರೆ ಅಲ್ಲಿ ಲಾರಿ ನಿಂತಿತ್ತು. ಸಾಹೇಬರು ಮೊದಲೇ ತರಿಸಿಬಿಟ್ಟಿದ್ದರು. ಹಮಾಲರು ಗಾಡಿಗಳ ತಾಡಪತ್ರಿ ಬಿಚ್ಚಿ, ಏರಿಸಲು ಹಲಗೆ ಹಚ್ಚಿ, ಬೀಡಿ ಸೇದುತ್ತ ಕೂತಿದ್ದರು. ಸಾಹೇಬರು ಜೀಪಿನಲ್ಲಿ ನನ್ನ ಜೊತೆ ರಸ್ತೆಗೆ ಬಂದರು. ಕಡಲೆ ಹಾಸಿನ ಹತ್ತಿರ ಜಾಲಿ ಗಿಡಗಳ ನೆರಳಲ್ಲಿ ಬಿಳಿ ಸೀರೆಗಳು. ಉಳಿದ ನರ್ಸಮ್ಮಂದಿರು ಬಸ್ಸಿಗೆ ಕಾಯುವವರಂತೆ ನಟಿಸುತ್ತ ನಿಂತಿದ್ದರು. ಈ ಸಲ ನಾನು ಹಿಂದೆ ಹೋಗದೆ ಹಾಸಿನ ಪಕ್ಕದಲ್ಲೇ ನಿಂತೆ. ನನಗೆ ಆ ಕೈ ಕಾಣಬೇಕಿತ್ತು.

ಅಷ್ಟರಲ್ಲಿ ಹುಬ್ಬಳ್ಳಿ ಬಸ್ಸು ಬಂದು ತಿರುವಿನಲ್ಲಿ ನಿಂತಿತು. ಬಿಳಿ ಧೋತರ, ರುಮಾಲು, ಕೈಯಲ್ಲಿ ಕೋಲು. ಬಮ್ಮಿಗಟ್ಟಿಯ ಮುದುಕರು! ಗಲಾಟೆ ಮಾಡಲು ಬಂದರೆಂದುಕೊಂಡೆ. ಅವರು ನೆಟ್ಟಗೆ ನನ್ನ ಹತ್ತಿರ ಬಂದರು.

"ಕಲಘಟಗಿ ಸಂತಿಗೆ ಹೋಗಿದ್ನಿ" ಎಂದರು. ಸಿಟ್ಟಿನಿಂದ ಕೋಲು ನೆಲಕ್ಕೆ ಕುಟ್ಟಿದರು. "ಎಲಿ ಮಾರಾಂವ ಸೈತ ಕೇಳ್ತಾನ್ರಿ, 'ಯಜಮಾನ್ರ, ನಿಮ್ಮ ಸೊಸಿ ಫೇಲಾದಳಂತಲ್ಲ?' ಅಂತ. ನಮ್ಮ ಮನ್ಯಾಗ ಇವತ್ತಿನ ತನಕಾ ಒಬ್ಬರೂ ಫೇಲಾಗಿಲ್ಲ. ನಮ್ಮ ಕಾಲದವರು ಶಾಲಿಗೇ ಹೋಗಿಲ್ಲ, ಆ ಮಾತು ಬ್ಯಾರೆ. ಎಲ್ಲಿ ನಿಂದರ್ಲಿ ಹೇಳ್ರಿ."

ಮರ್ಯಾದೆ ಉಳಿಸಿ ಫೇಲಾಗುವುದು ಕಟ್ಟೆಯ ಮೇಲೆ ಚೆಂದ, ಸಂತೆಯಲ್ಲಿ ಅಲ್ಲ. ನಾನು ಜಾಗ ತೋರಿಸಿದೆ. ಕಡಲೆ ಹಾಸಿನ ಅಂಚಿನಲ್ಲಿ ಹೋಗಿ ನಿಂತರು.

ಕರವಸ್ತ್ರ ಬೀಸಿದೆ. ದೂರದಲ್ಲಿ ಗಾಡಿ ಹೊರಟಿತು. ಮಾವನವರನ್ನು ಅವಳು ಕಂಡ ಕ್ಷಣ ನನಗೆ ಗೊತ್ತಾಯಿತು, ಇಂಜಿನ್ನು ಒಮ್ಮೆ ಉಸಿರು ನುಂಗಿತು. ಆದರೂ ಬಂದಳು. ಹಾಸು ಮುಟ್ಟಲು ಇನ್ನೇನು ಎನ್ನುವಾಗ ಮುದುಕರು ಗಟ್ಟಿಯಾಗಿ ಕೆಮ್ಮಿ, ಗಿರಕ್ಕನೆ ತಿರುಗಿ ಹೊಲದ ಕಡೆ ಮುಖ ಮಾಡಿ ನಿಂತುಬಿಟ್ಟರು. ನಮ್ಮ ಹಿರಿಯರು ಮನೆಯಲ್ಲಿ ಹೆಣ್ಣುಮಕ್ಕಳಿಗೆ ಹಾದಿ ಬಿಡುವ ರೀತಿಯೇ ಅದು. ಗಾಡಿ ಅವರ ಬೆನ್ನ ಹಿಂದೆ ಸುಯ್ಯನೆ ದಾಟಿತು. ಎರಡೂ ಕೈ ಹ್ಯಾಂಡಲ್ ಮೇಲೆ. ಜಾಲಿ ಗಿಡದ ಕೆಳಗೆ ಚಪ್ಪಾಳೆ ಬಿತ್ತು.

"ಆಯ್ತಲ್ಲ! ಪಾಸ್" ಎಂದರು ಸಾಹೇಬರು.

"ಇಲ್ರಿ" ಎಂದೆ.

ಚಪ್ಪಾಳೆ ನಿಂತುಹೋಯಿತು. ಸಾಹೇಬರು ಕೆಂಡವಾದರು. ನಿನಗೆ ತಲೆ ಕೆಟ್ಟಿದೆಯೇ, ಬೇಕೆಂದವನೂ ನೀನು, ಬೇಡವೆನ್ನುವವನೂ ನೀನು ಎಂದು ನರ್ಸಮ್ಮಂದಿರ ಮುಂದೆಯೇ ಬೈದರು. ಬೈಸಿಕೊಂಡೆ. ಹಾದಿಯಲ್ಲಿ ಸಿಗುವ ಹಿರಿಯರೆಲ್ಲ ಬೆನ್ನು ತಿರುಗಿಸುತ್ತಾರೆಯೇ? ಕಂಪೌಂಡರನ ಗುರುಗಳು ತಿರುಗಿಸಿದ್ದರೇ? ಹಾಗೆ ಕೇಳಿದೆ. ಮುದುಕರು ನನ್ನನ್ನು ದಿಟ್ಟಿಸಿ, "ನನ್ನ ಕೈಲೇ ಇಷ್ಟಽ ಆಗತೈತಿ. ಇದಕ್ಕಿಂತ ಹೆಚ್ಚಿಗಿ ಕೇಳಬ್ಯಾಡ್ರಿ" ಎಂದರು.

ಅವಳು ಗಾಡಿ ನಿಲ್ಲಿಸಿ, ಸೆರಗು ಸರಿಮಾಡಿಕೊಂಡು ನೆಲ ನೋಡುತ್ತ ನಿಂತಿದ್ದಳು. ಹತ್ತಿರ ಹೋಗಿ, "ನೀನಽ ಹೇಳವಾ. ಪಾಸ್ ಅನ್ಲೇನು? ನಾಳೆ ನಿನ್ನ ಕಡೆ ಕಲ್ತಾಕಿ ಇದಽ ಕಡಲಿ ಮ್ಯಾಲೆ ಬಿದ್ರ, ಕೈ ಬಿಡಬ್ಯಾಡ ಅಂತ ಯಾವ ಬಾಯಿಲೆ ಹೇಳಿದ್ದಿ ಅಂತ ಕೇಳ್ತಾರ" ಎಂದೆ. ಅವಳು ನನ್ನನ್ನು ದಾಟಿ ಹೋಗಿ ಮಾವನವರ ಎದುರಿಗೆ ನಿಂತಳು.

"ಮಾವಾರ," ಎಂದಳು. ದನಿ ಸಣ್ಣದಿತ್ತು, ಆದರೆ ಎಲ್ಲರಿಗೂ ಕೇಳಿಸಿತು. "ಹೊಲದ ಕಡೆ ಬ್ಯಾಡ್ರಿ. ಈ ಕಡೆ ಮಾರಿ ಮಾಡಿ ನಿಂದರ್ರಿ. ನಾ ಇನ್ನೊಮ್ಮೆ ಬರ್ತೀನಿ."

ಆ ಸೊಸೆಯ ಮಾತು ಮುದುಕರ ಮುಖಕ್ಕೆ ಬಂದದ್ದು ಅದೇ ಮೊದಲು. ಅವಳು ಗಾಡಿ ತಿರುಗಿಸಿಕೊಂಡು ಹೊರಟುಹೋದಳು. ನಾನು ಅವರ ಪಕ್ಕ ನಿಂತು, "ಬಲಗೈ ನೋಡ್ರಿ ಯಜಮಾನ್ರ. ನಾನೂ ನೋಡ್ತೀನಿ. ಹ್ಯಾಂಡಲ್ ಬಿಟ್ಟು ಚೂರು ಹಂದಿದ್ರ, ಅಳ್ಳಾಡಿದ್ರ ನೀವಽ ಹೇಳ್ರಿ" ಎಂದೆ. ಮುದುಕರು ಕೋಲು ನೆಲಕ್ಕೆ ಊರಿ ರಸ್ತೆಯ ಕಡೆ ಮುಖ ಮಾಡಿ ನಿಂತರು.

ಗಾಡಿ ಬಂತು. ಅದೇ ಹೊತ್ತಿಗೆ ಎದುರಿನಿಂದ ಹತ್ತಿ ತುಂಬಿದ ಲಾರಿಯೊಂದು ಹಾರ್ನ್ ಬಾರಿಸುತ್ತ ಬಂತು. ಅಯ್ಯೋ ಶಿವನೇ, ಇದನ್ನು ಯಾರು ಕರೆದರು! ನಿಲ್ಲಿಸು ಎಂದು ಕೂಗಲು ಹೊತ್ತಿರಲಿಲ್ಲ. ಎರಡೂ ಒಟ್ಟಿಗೆ ಕಡಲೆ ಹಾಸು ಹೊಕ್ಕವು. ಲಾರಿಯ ಗಾಳಿಗೆ ಅವಳ ಸೆರಗು ತಲೆಯಿಂದ ಹಾರಿ ಹೆಗಲಿಗೆ ಬಿತ್ತು. ತುರುಬು, ಬೈತಲೆ, ಎಲ್ಲ ಬಯಲಾಯಿತು. ಮಾವನವರು ಒಂದು ಮಾರು ದೂರದಲ್ಲಿ ಕಣ್ಣು ತೆರೆದು ನಿಂತಿದ್ದರು. ಅವಳ ಬಲಗೈ ಬಿಗಿಯಿತು. ಬೆರಳಿನ ಗೆಣ್ಣುಗಳು ಬೆಳ್ಳಗಾದವು. ಮುಖ ಕೆಂಪಾಯಿತು, ತುಟಿ ಕಚ್ಚಿಕೊಂಡಳು, ಕಣ್ಣು ರಸ್ತೆ ಬಿಟ್ಟು ಆಚೀಚೆ ಹೋಗಲಿಲ್ಲ. ಲಾರಿ ಒಂದು ಕಡೆ ಹೋಯಿತು, ಇವಳು ಒಂದು ಕಡೆ ಹೋದಳು. ಮುಂದೆ ನಾನು ಸುಣ್ಣದಲ್ಲಿ ಎಳೆದಿದ್ದ ಗೆರೆಯ ಮೇಲೆ ಗಾಡಿ ನಿಂತಿತು.

"ಪಾಸ್!" ಎಂದು ಕೂಗಿದೆ. ನನ್ನ ದನಿ ಒಡೆದುಹೋಯಿತು, ನಾಚಿಕೆ ಇಲ್ಲದೆ ಹೇಳುತ್ತೇನೆ. ಸಾಹೇಬರು ಜೀಪಿನ ಡ್ರೈವರನನ್ನು ಕರೆದು, ಮಿಲ್ಲಿಗೆ ಹೋಗಿ ಅಲ್ಲಿಯ ಲಾರಿಯನ್ನು ಖಾಲಿಯೇ ವಾಪಸ್ ಕಳಿಸಲು ಹೇಳಿದರು.

ಆದರೆ ಆಕೆ ಗಾಡಿಯಿಂದ ಇಳಿದವಳು ಮೈಲಿಗಲ್ಲಿನ ಮೇಲೆ ಕುಸಿದು, ಸೆರಗಿನಲ್ಲಿ ಮುಖ ಮುಚ್ಚಿ ಅಳತೊಡಗಿದಳು. ಯಾರಿಗೂ ಹತ್ತಿರ ಹೋಗಲು ಧೈರ್ಯವಾಗಲಿಲ್ಲ. ಮುದುಕರು ಕೋಲೂರುತ್ತ ಹೊರಟರು. ಏನಾದೀತೋ ಎಂದು ನಾನೂ ಹಿಂದೆ ಓಡಿದೆ.

"ಯಾಕ ಅಳ್ತಿ?" ಎಂದರು.

"ಹಾದಿ ಮಂದಿ ಮುಂದ... ನಿಮ್ಮ ಮುಂದ... ತಲಿ ಬಿಟಗೊಂಡು ಹಾದ್ನಿರಿ."

"ನಾ ತಲಿ ನೋಡಲಿಲ್ಲವ್ವಾ" ಎಂದರು. "ಮಾಸ್ತರ ಕೈ ನೋಡು ಅಂದಿದ್ರು, ಕೈ ನೋಡಿದ್ನಿ. ಹಂದಲಿಲ್ಲ."

ಆಮೇಲೆ ಜಾಲಿ ಗಿಡದ ಕೆಳಗೆ ನಿಂತಿದ್ದ ಬಿಳಿ ಸೀರೆಗಳ ಕಡೆ ಕೋಲು ತೋರಿಸಿ, "ಏಳು, ಅವರಿಗೆ ಇವತ್ತಽ ಶುರು ಮಾಡು. ಸಂಜೀ ಬಸ್ಸಿಗೆ ಇನ್ನೂ ಹೊತ್ತೈತಿ, ನಾ ಕುಂದರ್ತೀನಿ" ಎಂದು ರಸ್ತೆ ಬದಿಯ ಕಲ್ಲಿನ ಮೇಲೆ ಕೂತರು.